ಹಾಯಿದೋಣಿಗೆ ಎಂಥಾ ಗಾಗಲ್? ಬೆಳಗಾವಿಯ ಖಡೇಬಜಾರದಿಂದ ಗೋವಾದ ದೋನಾಪಾವುಲಾವರೆಗೆ ಐದು ಗಾಗಲ್‌ಗಳ ಲೆಕ್ಕ

ಬೆಳಗಾವಿಯವನಿಗೆ ಹಾಯಿದೋಣಿ ಎಲ್ಲಿಂದ ಬಂತು ಅಂತ ಮೊದಲು ಕೇಳುತ್ತೀರಿ, ಗೊತ್ತು. ಚೋರ್ಲಾ ಘಾಟ್ ಇಳಿದರೆ ಗೋವಾ ಬಂತು. ಬೆಳಗ್ಗೆ ಆರಕ್ಕೆ ಬಿಟ್ಟರೆ ದಾರಿಯಲ್ಲಿ ತಿಂಡಿ ಮುಗಿಸಿಕೊಂಡೂ ಒಂಬತ್ತೂವರೆಗೆ ನೀರಿನ ಪಕ್ಕ ಇರಬಹುದು. ನಾಲ್ಕು ವರ್ಷದಿಂದ ತಿಂಗಳಿಗೆ ಒಂದೆರಡು ಭಾನುವಾರ ದೋನಾಪಾವುಲಾ ಕಡೆ ಸಣ್ಣ ಹಾಯಿದೋಣಿ ನಡೆಸುವುದನ್ನು ಕಲಿಯುತ್ತಿದ್ದೇನೆ. ಗಾಳಿಯ ಬಗ್ಗೆ ಎಷ್ಟು ಕಲಿತೆನೋ ಏನೋ, ಗಾಗಲ್ ಬಗ್ಗೆ ಮಾತ್ರ ಜಾಸ್ತಿಯೇ ಕಲಿತೆ. ಐದು ಕೊಂಡೆ. ಒಂದು ಕೊಲ್ಲಿಯ ತಳದಲ್ಲಿದೆ. ಒಂದರ ಲೆನ್ಸಿನ ಪದರ ಈರುಳ್ಳಿ ಸಿಪ್ಪೆಯ ಹಾಗೆ ಎದ್ದು ಬಂತು. ಒಂದನ್ನು ಪೋಲರೈಜ್ಡ್, ಅಂದರೆ ನೀರಿನ ಥಳಥಳ ತಡೆಯುವಂಥದ್ದು, ಅಂತ ಹೇಳಿ ಕೊಟ್ಟರು, ಅದು ಪೋಲರೈಜ್ಡ್ ಆಗಿರಲೇ ಇಲ್ಲ. ಉಳಿದ ಎರಡು ಇವತ್ತಿಗೂ ಕೆಲಸಕ್ಕಿವೆ.

ನಮ್ಮ ಕಡೆ ಹಳಬರು ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ, ಬಿಸಿಲಿಗೆ ಹಾಕುವ ಕರಿ ಕನ್ನಡಕಕ್ಕೆ ಗಾಗಲ್. ತಂಪು ಕನ್ನಡಕ ಅಂತ ಯಾರೂ ಅಂಗಡಿಯಲ್ಲಿ ಕೇಳಿದ್ದನ್ನು ನಾನು ನೋಡಿಲ್ಲ. ಹಾಗಾಗಿ ಇಲ್ಲಿ ಗಾಗಲ್ ಅಂತಲೇ ಬರೆಯುತ್ತೇನೆ. ಹಾಯಿದೋಣಿಯವರಿಗೆ ಅಂತ ಬರೆದರೂ ಹಿಡಕಲ್ ಡ್ಯಾಮಿನ ದಂಡೆಯಲ್ಲಿ ಗಾಳ ಹಾಕಿ ಕೂರುವವರಿಗೆ, ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಬರುವ ಪಟ್ಟೆತಲೆ ಹೆಬ್ಬಾತು ನೋಡಲು ಹೋಗುವವರಿಗೂ ಇದರಲ್ಲಿ ಮುಕ್ಕಾಲು ಪಾಲು ಹೊಂದುತ್ತದೆ.

ನೀರಿನ ಮೇಲೆ ಬಿಸಿಲು ಬೇರೆ ಥರ

ರಸ್ತೆಯಲ್ಲಿ ಬಿಸಿಲು ಮೇಲಿಂದ ಬರುತ್ತದೆ. ಟೋಪಿ ಹಾಕಿಕೊಂಡರೆ ಅರ್ಧ ಕೆಲಸ ಆಯಿತು. ನೀರಿನ ಮೇಲೆ ಅದು ಕೆಳಗಿಂದಲೂ ಬರುತ್ತದೆ, ಪಕ್ಕದಿಂದಲೂ ಬರುತ್ತದೆ, ಟೋಪಿಯ ಅಂಚಿಗೆ ಅಲ್ಲಿ ಕೆಲಸವಿಲ್ಲ. ಇನ್ನೊಂದು ತೊಂದರೆ ಹಾಯಿದೋಣಿಗೇ ಅಂತ ಇರುವುದು. ಗೋವಾ ಕಡಲಲ್ಲಿ ಮಳೆಗಾಲ ಬಿಟ್ಟರೆ ಮಧ್ಯಾಹ್ನದ ಮೇಲೆ ಗಾಳಿ ಸಮುದ್ರದಿಂದ ಬೀಸುತ್ತದೆ, ಅಂದರೆ ಪಶ್ಚಿಮದಿಂದ, ವಾಯವ್ಯದಿಂದ. ಗಾಳಿಗೆ ಎದುರಾಗಿ ಹೋಗಬೇಕು ಅಂದರೆ ಹಾವು ಹರಿದ ಹಾಗೆ ಅತ್ತಿತ್ತ ತಿರುಗಿಸುತ್ತಾ ಪಶ್ಚಿಮಕ್ಕೇ ಮುಖ ಮಾಡಿರಬೇಕು. ಮೂರು ಗಂಟೆ ದಾಟಿದ ಮೇಲೆ ಸೂರ್ಯನೂ ಅಲ್ಲೇ ಇರುತ್ತಾನೆ. ಎದುರಿಗೆ ನೀರು ಪೂರ್ತಿ ಬಿಳಿ ತಗಡಿನ ಹಾಗೆ ಥಳಥಳ. ಅದರ ನಡುವೆ ಮೀನುಗಾರರ ಬಲೆಯ ಬೆಂಡು ತೇಲುತ್ತಿದ್ದರೆ ಕಾಣಬೇಕು, ಗಾಳಿಯ ಹೊಡೆತ ಬರುತ್ತಿದ್ದರೆ ಅದೂ ಮೊದಲೇ ಕಾಣಬೇಕು, ಹಾಯಿಯ ಅಂಚು ಪಟಪಟ ಅನ್ನುತ್ತಿದೆಯಾ ಅಂತ ಮೇಲಕ್ಕೂ ನೋಡುತ್ತಿರಬೇಕು. ಕಣ್ಣು ಕಿರಿದು ಮಾಡಿಕೊಂಡು ಎರಡು ತಾಸು ಕಳೆದರೆ ಸಂಜೆಗೆ ತಲೆನೋವು ಗ್ಯಾರಂಟಿ.

ಕಣ್ಣು ಕುಕ್ಕುವುದು ಒಂದು, ಕಣ್ಣಿಗೆ ಹಾನಿ ಮಾಡುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ, ಯಾಕೆಂದರೆ ಅಂಗಡಿಯವರು ಎರಡನ್ನೂ ಕಲಸಿ ಮಾರುತ್ತಾರೆ. ಹಾನಿ ಮಾಡುವುದು ಬಿಸಿಲಿನಲ್ಲಿರುವ ಯುವಿ, ಅಂದರೆ ಅತಿನೇರಳೆ ಕಿರಣ, ಅದು ಕಣ್ಣಿಗೆ ಕಾಣುವುದೇ ಇಲ್ಲ. ಸಮುದ್ರದ ನೊರೆ ತನ್ನ ಮೇಲೆ ಬಿದ್ದ ಯುವಿಯಲ್ಲಿ ಸುಮಾರು ಶೇಕಡಾ 25ರಷ್ಟನ್ನು ವಾಪಸ್ ಎಸೆಯುತ್ತದೆ, ಒಣ ಮರಳು 15ರಷ್ಟನ್ನು. ವರ್ಷಗಟ್ಟಲೆ ಬಿಸಿಲಿನಲ್ಲಿ ದುಡಿದ ಮೀನುಗಾರರ ಕಣ್ಣು ಗಮನಿಸಿ. ಬಿಳಿಗುಡ್ಡೆಯ ಮೇಲೆ, ಮೂಗಿನ ಕಡೆಯಿಂದ, ಮಾಂಸದ ತೆಳುವಾದ ಪೊರೆ ಕಪ್ಪುಗುಡ್ಡೆಯ ಕಡೆಗೆ ಬೆಳೆದಿರುವುದು ಕೆಲವರಲ್ಲಿ ಕಾಣುತ್ತದೆ. ಬಾಗಲಕೋಟೆ ಹತ್ತಿರ ಹಿನ್ನೀರಿನಲ್ಲಿ ಬಲೆ ಹಾಕುವ ನಮ್ಮ ಕಾಕಾನ ಎಡಗಣ್ಣಲ್ಲಿ ಅದು ಇದೆ. ಡಾಕ್ಟರು ಹೇಳಿದ ಮೊದಲ ಮಾತು, ಬಿಸಿಲು, ಗಾಳಿ, ಧೂಳಿನಿಂದ ಕಣ್ಣು ಕಾಪಾಡಿಕೊಳ್ಳಿ ಅಂತ.

ಕಪ್ಪಗಿದ್ದರೆ ಸಾಕಾ?

ಸಾಲದು. ಇದು ಎಲ್ಲರೂ ಮಾಡುವ ತಪ್ಪು, ನಾನೂ ಮಾಡಿದೆ. ಲೆನ್ಸ್ ಎಷ್ಟು ಕಪ್ಪಗಿದೆ ಅನ್ನುವುದಕ್ಕೂ ಅದು ಯುವಿ ತಡೆಯುತ್ತದಾ ಅನ್ನುವುದಕ್ಕೂ ಸಂಬಂಧವೇ ಇಲ್ಲ. ಪೂರ್ತಿ ಪಾರದರ್ಶಕವಾದ ಲೆನ್ಸೂ ಯುವಿಯನ್ನು ಪೂರ್ತಿ ತಡೆಯಬಹುದು, ಇದ್ದಿಲಿನಂಥ ಕರಿ ಪ್ಲಾಸ್ಟಿಕ್ಕೂ ಬಿಟ್ಟುಬಿಡಬಹುದು. ಯುವಿ ತಡೆಯದ ಕಪ್ಪು ಲೆನ್ಸು ಬರಿಗಣ್ಣಿಗಿಂತ ಕೆಟ್ಟದ್ದು. ಕತ್ತಲಾಯಿತು ಅಂದುಕೊಂಡು ಕಣ್ಣಿನ ಪಾಪೆ ಅಗಲವಾಗುತ್ತದೆ, ಅಗಲವಾದ ಬಾಗಿಲಿನಿಂದ ಯುವಿ ಇನ್ನೂ ಆರಾಮಾಗಿ ಒಳಗೆ ಹೋಗುತ್ತದೆ.

ಹಾಗಾಗಿ ಮೊದಲ ಜರಡಿ ಇದು: ಯುವಿ 400 ಅಂತ ಬರೆದಿರಬೇಕು. 400 ನ್ಯಾನೋಮೀಟರ್‌ವರೆಗಿನ ಕಿರಣ ತಡೆಯುತ್ತದೆ ಅಂತ ಅದರ ಅರ್ಥ. ಬರೆದದ್ದೆಲ್ಲ ನಿಜ ಅಂತೇನಲ್ಲ. ಕನ್ನಡಕದ ದೊಡ್ಡ ಅಂಗಡಿಗಳಲ್ಲಿ ಯುವಿ ಅಳೆಯುವ ಸಣ್ಣ ಮಷೀನು ಇರುತ್ತದೆ. ಬೇರೆ ಕಡೆ ಕೊಂಡ ಗಾಗಲ್ ಆದರೂ ನಗುತ್ತಾ ಕೇಳಿದರೆ ಇಟ್ಟು ನೋಡಿ ಹೇಳುತ್ತಾರೆ. ಮನೆಯಲ್ಲಿ ಅಂದಾಜು ಮಾಡಬೇಕಾದರೆ ನಕಲಿ ನೋಟು ಹಿಡಿಯುವ ಯುವಿ ಟಾರ್ಚ್ ತಗೊಳ್ಳಿ. ಕತ್ತಲ ಕೋಣೆಯಲ್ಲಿ ನೋಟಿನ ಮೇಲೆ ಬಿಟ್ಟರೆ ನಂಬರಿನ ಪಟ್ಟಿ ಹೊಳೆಯುತ್ತದೆ. ಈಗ ಟಾರ್ಚ್ ಮತ್ತು ನೋಟಿನ ನಡುವೆ ಲೆನ್ಸ್ ಹಿಡಿಯಿರಿ. ಹೊಳಪು ಸತ್ತರೆ ಲೆನ್ಸು ಕೆಲಸ ಮಾಡುತ್ತಿದೆ, ಹಾಗೇ ಹೊಳೆಯುತ್ತಿದ್ದರೆ ಅನುಮಾನಪಡಿ. ಅಗ್ಗದ ಟಾರ್ಚುಗಳ ಬೆಳಕು 395ರ ಆಸುಪಾಸು ಇರುವುದರಿಂದ ಇದು ಗಡಿಯ ಮೇಲಿನ ಪರೀಕ್ಷೆ. ಇದರಲ್ಲಿ ಪಾಸಾಗದ ಗಾಗಲ್ ಯುವಿ 400 ಅನ್ನುವ ಮಾತಿಗೆ ತಕ್ಕಂತಿಲ್ಲ ಅಂತಷ್ಟೇ ತಿಳಿಯಿರಿ.

ಇನ್ನು ಕಪ್ಪಿನ ಲೆಕ್ಕ. ಕಿವಿಗೆ ಸಿಕ್ಕಿಸುವ ಕಡ್ಡಿಯ ಒಳಬದಿಗೆ ಸಣ್ಣಕ್ಷರದಲ್ಲಿ ಕೆಟಗರಿ ಅಂತ ಒಂದು ಅಂಕಿ ಇರುತ್ತದೆ, 0ಯಿಂದ 4ರವರೆಗೆ. 2 ಅಂದರೆ ಶೇಕಡಾ 18ರಿಂದ 43ರಷ್ಟು ಬೆಳಕು ಒಳಗೆ ಬಿಡುತ್ತದೆ, 3 ಅಂದರೆ 8ರಿಂದ 18, 4 ಅಂದರೆ 3ರಿಂದ 8. ನೀರಿಗೆ 3 ಸರಿ. 4 ಹಿಮದ ಬೆಟ್ಟಕ್ಕೆ ಅಂತ ಇರುವುದು, ಅದನ್ನು ಹಾಕಿಕೊಂಡು ಗಾಡಿ ಓಡಿಸಬಾರದು. ನಾವು ಓಡಿಸಲೇಬೇಕಲ್ಲ! ಚೋರ್ಲಾದಲ್ಲಿ ಬಿಸಿಲಿನಿಂದ ಒಮ್ಮೆಲೇ ಕಾಡಿನ ನೆರಳಿಗೆ ನುಗ್ಗಿದಾಗ ಎದುರಿಗೆ ಬರುವ ಬೈಕು ಕಾಣದೇ ಹೋದರೆ ಗಾಗಲ್ ಕಟ್ಟಿಕೊಂಡು ಏನು ಮಾಡುವುದು.

ಪೋಲರೈಜ್ಡ್ ಬೇಕಾ, ಬೇಡವಾ

ದೋಣಿಯವರ ನಡುವೆ ಜಗಳ ಆಗುವುದೇ ಇಲ್ಲಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬೆಳಕು ಎಲ್ಲಾ ದಿಕ್ಕಿಗೂ ಕಂಪಿಸುತ್ತಾ ಬರುತ್ತದೆ. ನೀರಿನಂಥ ಚಪ್ಪಟೆ ಮೈಗೆ ಬಡಿದು ಪುಟಿದಾಗ ಅದರಲ್ಲಿ ಅಡ್ಡ ಕಂಪನವೇ ಜಾಸ್ತಿ ಉಳಿಯುತ್ತದೆ. ಪೋಲರೈಜ್ಡ್ ಲೆನ್ಸಿನಲ್ಲಿರುವ ಪದರ ಕಿಟಕಿಯ ಉದ್ದ ಸರಳುಗಳ ಹಾಗೆ, ಅಡ್ಡ ಬಂದದ್ದನ್ನು ತಡೆದು ನೆಟ್ಟಗೆ ಬಂದದ್ದನ್ನು ಬಿಡುತ್ತದೆ. ಹೀಗಾಗಿ ನೀರಿನ ಝಳ ಮಾತ್ರ ಆರಿ, ಉಳಿದ ನೋಟ ಹಾಗೇ ಇರುತ್ತದೆ. ಯಾವ ಕೋನದಲ್ಲಿ ಪುಟಿದ ಬೆಳಕು ಪೂರ್ತಿ ಅಡ್ಡವಾಗುತ್ತದೆ ಅಂತ 1815ರಲ್ಲೇ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಲೆಕ್ಕ ಕೊಟ್ಟಿದ್ದ. ನೀರಿಗೆ ಆ ಲೆಕ್ಕ ಹಾಕಿದರೆ, ನೀರಿನ ಮಟ್ಟದಿಂದ ಸುಮಾರು 37 ಡಿಗ್ರಿ. ಮಧ್ಯಾಹ್ನ ಮೂರೂವರೆಯ ಆಸುಪಾಸು ಸೂರ್ಯ ಹೆಚ್ಚುಕಡಿಮೆ ಆ ಎತ್ತರದಲ್ಲಿರುತ್ತಾನೆ, ಕಡಲ ಗಾಳಿ ಚೆನ್ನಾಗಿ ಎದ್ದಿರುವ ಹೊತ್ತೂ ಅದೇ. ನೆತ್ತಿಯ ಮೇಲೆ ಸೂರ್ಯ ಇದ್ದಾಗ, ಇಲ್ಲಾ ಮುಳುಗುವ ಹೊತ್ತಿನಲ್ಲಿ, ಅಷ್ಟು ಜಾದೂ ಇರುವುದಿಲ್ಲ. ಈ ಪದರವನ್ನು ಹಾಳೆಯ ರೂಪಕ್ಕೆ ತಂದ ಎಡ್ವಿನ್ ಲ್ಯಾಂಡ್ 1937ರಲ್ಲಿ ಪೋಲರಾಯ್ಡ್ ಕಂಪನಿ ಕಟ್ಟಿದ. ನಾವು ಫೋಟೋ ಕ್ಯಾಮೆರಾ ಅಂದುಕೊಳ್ಳುವ ಆ ಹೆಸರಿನ ಕ್ಯಾಮೆರಾ ಮಾರಾಟಕ್ಕೆ ಬಂದದ್ದು 1948ರಲ್ಲಿ, ಗಾಗಲ್ ಅದಕ್ಕಿಂತ ಮೊದಲೇ ಬಂದಿತ್ತು.

ನಾನು ಮೋಸಹೋದ ಕಥೆ ಇಲ್ಲೇ ಬರುತ್ತದೆ. ಊರಿನ ಒಂದು ಅಂಗಡಿ, ಹೆಸರು ಬೇಡ. "ಪೋಲರೈಜ್ಡ್ ಐತ್ರಿ ಸರ, ಗ್ಯಾರಂಟಿ. ಈ ಕಾರ್ಡ್ ನೋಡ್ರಿ" ಅಂತ ಒಂದು ಬೂದು ಚಿತ್ರ ತೋರಿಸಿದ. ಗಾಗಲ್ ಹಾಕಿದರೆ ಚಿತ್ರದೊಳಗೆ ಮೀನು ಕಾಣಬೇಕು. ಕಂಡಿತು. ಕಂಡದ್ದು ಯಾಕೆಂದರೆ ಆತ ನನ್ನ ಮೂಗಿಗೆ ಏರಿಸಿದ್ದು ತನ್ನ ಸ್ಯಾಂಪಲ್ ಪೀಸು, ಡಬ್ಬಿಯಲ್ಲಿ ಕಟ್ಟಿಕೊಟ್ಟದ್ದು ಬೇರೆ. ಮನೆಗೆ ಬಂದು ಲ್ಯಾಪ್‌ಟಾಪ್ ಮುಂದೆ ಹಿಡಿದು ಗಿರಗಿರ ತಿರುಗಿಸಿದೆ, ಪರದೆ ಒಂದು ಚೂರೂ ಕಪ್ಪಾಗಲಿಲ್ಲ. ನೀವು ಆ ಕಾರ್ಡನ್ನು ನಂಬಬೇಡಿ. ನೀವು ಕೊಳ್ಳುತ್ತಿರುವ ಪೀಸನ್ನೇ ಅಂಗಡಿಯ ಕಂಪ್ಯೂಟರ್ ಪರದೆಯ ಮುಂದೆ ಹಿಡಿದು ಗಡಿಯಾರದ ಮುಳ್ಳಿನ ಹಾಗೆ ಕಾಲು ಸುತ್ತು ತಿರುಗಿಸಿ, ಬೇಕಾದರೆ ಅರ್ಧ ಸುತ್ತು. ಎಲ್ಲೋ ಒಂದು ಕಡೆ ಪರದೆ ಕಪ್ಪಾಗಬೇಕು. ಎಡ ಲೆನ್ಸು, ಬಲ ಲೆನ್ಸು ಎರಡೂ ಒಂದೇ ಕೋನದಲ್ಲಿ ಕಪ್ಪಾಗಬೇಕು. ಒಂದು ಮೊದಲು, ಇನ್ನೊಂದು ಆಮೇಲೆ ಕಪ್ಪಾಯಿತು ಅಂದರೆ ಲೆನ್ಸ್ ಓರೆಯಾಗಿ ಕೂತಿದೆ, ನೀರಿನ ಮೇಲೆ ಎರಡು ಕಣ್ಣಿಗೆ ಎರಡು ಥರ ಕಂಡು ತಲೆ ಸಿಡಿಯುತ್ತದೆ.

ಇನ್ನು ಎದುರು ಪಕ್ಷದ ಮಾತು. ರೇಸ್ ಮಾಡುವ ಕೆಲವರು ಪೋಲರೈಜ್ಡ್ ಮುಟ್ಟುವುದಿಲ್ಲ. ಅವರ ವಾದ ಹೀಗೆ: ಗಾಳಿಯ ಹೊಡೆತ ಬರುವುದು ನೀರಿನ ಮೈ ಮೇಲಿನ ಹೊಳಪು ಬದಲಾಗುವುದರಿಂದ ಗೊತ್ತಾಗುತ್ತದೆ, ಆ ಹೊಳಪನ್ನೇ ಅಳಿಸಿಬಿಟ್ಟರೆ ಏನು ನೋಡುವುದು? ಇದರಲ್ಲಿ ಹುರುಳಿದೆ. ಮೋಡ ಕವಿದ ದಿನ ನಾನೇ ಎರಡನ್ನೂ ಬದಲಾಯಿಸಿ ಹಾಕಿ ನೋಡಿದೆ. ಪೋಲರೈಜ್ಡ್ ಹಾಕಿದಾಗ ದೂರದ ನೀರು ಒಂದೇ ಸಮ ಮಂಕಾಗಿ ಕಂಡಿತು, ಸಾದಾ ಲೆನ್ಸಿನಲ್ಲಿ ಗಾಳಿ ಬಿದ್ದ ಜಾಗದ ಸುಕ್ಕು ಚೆನ್ನಾಗಿ ಕಂಡಿತು. ಆದರೆ ಬಿಸಿಲಿದ್ದ ದಿನ ಇದು ಪೂರ್ತಿ ತಿರುಗಿಬಿಡುತ್ತದೆ. ಝಳದ ನಡುವೆ ಸಾದಾ ಲೆನ್ಸಿನಲ್ಲಿ ಏನೂ ಕಾಣದ ಕಡೆ, ಪೋಲರೈಜ್ಡ್ ಹಾಕಿದರೆ ಗಾಳಿ ಬಿದ್ದ ನೀರು ಮಸಿ ಚೆಲ್ಲಿದ ಹಾಗೆ ಕಪ್ಪಗೆ ಹರಿದು ಬರುವುದು ಕಾಣುತ್ತದೆ. ನಮ್ಮ ಕಡೆ ವರ್ಷದಲ್ಲಿ ಯಾವ ದಿನ ಜಾಸ್ತಿ, ನೀವೇ ಹೇಳಿ.

ತಲೆ ವಾಲಿಸುವುದೂ ಒಂದು ವಿಷಯ. ಸಣ್ಣ ದೋಣಿಯಲ್ಲಿ ಗಾಳಿಗೆ ಎದುರಾಗಿ ಅಂಚಿನಿಂದ ಹೊರಗೆ ಮೈಚಾಚಿ ಕೂರುತ್ತೇವಲ್ಲ, ಆಗ ತಲೆ 45 ಡಿಗ್ರಿ ವಾಲಿದರೆ ತಡೆಯಬೇಕಿದ್ದ ಝಳದಲ್ಲಿ ಅರ್ಧ ಒಳಗೆ ಬಂದುಬಿಡುತ್ತದೆ. ಲೆನ್ಸ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ, ತಲೆ ನೆಟ್ಟಗೆ ಮಾಡಿ. ಹಾಗೇ ಕೆಲವು ಫೋನು, ಜಿಪಿಎಸ್ ಪರದೆಗಳು ಒಂದು ದಿಕ್ಕಿನಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ. ನನ್ನ ಹಳೇ ಫೋನಿನಲ್ಲಿ ನಕ್ಷೆ ನೋಡಲು ಅದನ್ನು ಅಡ್ಡ ಹಿಡಿಯಬೇಕಿತ್ತು. ನಿಮ್ಮ ದೋಣಿಯಲ್ಲಿ ಪರದೆ ನೋಡಿಕೊಂಡೇ ಹೋಗುವ ಅಭ್ಯಾಸ ಇದ್ದರೆ, ಕೊಳ್ಳುವ ಮೊದಲು ಆ ಪರದೆಯ ಮೇಲೇ ಪರೀಕ್ಷೆ ಮಾಡಿ.

ನನ್ನ ತೀರ್ಮಾನ: ಒಂದೇ ಗಾಗಲ್ ಕೊಳ್ಳುವುದಾದರೆ ಪೋಲರೈಜ್ಡ್. ಎರಡನೆಯದು ಬೇಕಾದರೆ ಮೋಡದ ದಿನಕ್ಕೆ ಅಂತ ಸಾದಾ, ಕೆಟಗರಿ 2ರದ್ದು.

ಬಣ್ಣ

ಬೂದು ಮತ್ತು ಕಂದು, ಪೈಪೋಟಿ ಇವೆರಡರ ನಡುವೆ ಮಾತ್ರ. ಬೂದು ಲೆನ್ಸಿನಲ್ಲಿ ಬಣ್ಣ ಇದ್ದದ್ದು ಇದ್ದ ಹಾಗೇ ಕಾಣುತ್ತದೆ, ನೀರಿನ ಮೇಲೆ ಗುರುತಿಗೆ ತೇಲಿಬಿಟ್ಟ ಕೆಂಪು ಬೋಯೆ ಕೆಂಪಗೆ, ಹಸಿರು ಹಸಿರಾಗಿ. ತುಂಬಾ ಹೊತ್ತು ಹಾಕಿಕೊಂಡರೂ ಆರಾಮ. ಕಂದು, ತಾಮ್ರದ ಬಣ್ಣದ್ದು ನೀಲಿ ಬೆಳಕನ್ನು ಜಾಸ್ತಿ ತಡೆಯುತ್ತದೆ. ಗಾಳಿಯಲ್ಲಿ ಚದುರಿ ಮಬ್ಬು ಮಾಡುವುದು ಮುಖ್ಯವಾಗಿ ಆ ನೀಲಿಯೇ ಆದ್ದರಿಂದ ದೂರದ ಗೆರೆಗಳು ಚೂಪಾಗಿ ಕಾಣುತ್ತವೆ. ತೆರೆದ ಕಡಲಿಗೆ ಬೂದು, ಕೆಸರು ನೀರಿಗೆ ಮತ್ತು ಆಳ ಕಡಿಮೆ ಇರುವ ಕಡೆಗೆ ಕಂದು ಅಂತ ಹೇಳುವುದುಂಟು. ನಾನು ಎರಡೂ ಕಡೆ ಕಂದೇ ಹಾಕುತ್ತೇನೆ.

ಕಾರಣ ಹಿನ್ನೀರು. ಹೋದ ವರ್ಷ ಮಾರ್ಚ್‌ನಲ್ಲಿ ಕಾಕಾನ ದೋಣಿಯಲ್ಲಿ ಕೂತಿದ್ದೆ. ಮಳೆಗಾಲದಲ್ಲಿ ಆಲಮಟ್ಟಿ 519.6 ಮೀಟರ್ ಮಟ್ಟಕ್ಕೆ ತುಂಬಿದಾಗ ಬಾಗಲಕೋಟೆಯ ಪಕ್ಕ ಸಮುದ್ರವೇ ಬಂದು ನಿಂತ ಹಾಗಿರುತ್ತದೆ. ಬೇಸಿಗೆಯ ಕಡೆಗೆ ನೀರು ಇಳಿಯುತ್ತಾ ಹೋದ ಹಾಗೆ ಮುಳುಗಿದ್ದ ಮರದ ಬೊಡ್ಡೆ, ಕಲ್ಲು ಎಲ್ಲ ಮೇಲ್ಮಟ್ಟಕ್ಕೆ ಗೇಣು ದೂರ ಬಂದು ನಿಲ್ಲುತ್ತವೆ. ಕಾಕಾ ಬರಿಗಣ್ಣಿನಲ್ಲಿ, ಅಭ್ಯಾಸದ ಬಲದಿಂದ ತಪ್ಪಿಸುತ್ತಿದ್ದ. ನಾನು ನನ್ನ ಕಂದು ಪೋಲರೈಜ್ಡ್ ತೆಗೆದು ಕೊಟ್ಟೆ. ಹಾಕಿಕೊಂಡು ನೀರಿನೊಳಗೆ ಬಗ್ಗಿ ನೋಡಿ ಸುಮ್ಮನಾದ. ಸ್ವಲ್ಪ ಹೊತ್ತಿಗೆ, "ಇಷ್ಟ ವರ್ಷ ಇದರ ಮ್ಯಾಲೇ ದೋಣಿ ಹೊಡದೇನೋ ತಮ್ಮಾ, ಇಲ್ಲೊಂದು ಕಟ್ಟಿ ಐತಿ ಅಂತ ಗೊತ್ತಽ ಇದ್ದಿಲ್ಲ" ಅಂದ. ಗಾಗಲ್ ವಾಪಸ್ ಕೊಡಲಿಲ್ಲ. ಐದರಲ್ಲಿ ಈಗಲೂ ಕೆಲಸಕ್ಕಿರುವ ಎರಡು ಅಂದೆನಲ್ಲ, ಒಂದು ಅವನ ಮೂಗಿನ ಮೇಲೆ ಕೆಲಸ ಮಾಡುತ್ತಿದೆ.

ಹಳದಿ ಲೆನ್ಸು ಮಬ್ಬು ಬೆಳಕಿಗೆ, ಬಿಸಿಲಿಗಲ್ಲ. ನೀಲಿ, ಗುಲಾಬಿ ಸುಮ್ನೆ ಫೋಟೋಗೆ. ಮೇಲೆ ಕನ್ನಡಿ ಲೇಪ ಇರುವುದು ಇನ್ನಷ್ಟು ಬೆಳಕು ತಡೆಯುತ್ತದೆ ನಿಜ, ಆದರೆ ಉಪ್ಪಿನ ಹರಳು ತಾಗಿ ಬೇಗ ಗೀರು ಬೀಳುತ್ತದೆ, ಬಿದ್ದ ಗೀರು ಎದ್ದು ಕಾಣುತ್ತದೆ.

ಲೆನ್ಸ್ ಯಾವುದರದ್ದು

ಗಾಜು: ನೋಟ ಬಹಳ ಸ್ವಚ್ಛ, ಗೀರು ಬೀಳುವುದು ಕಡಿಮೆ. ಆದರೆ ಭಾರ, ಮತ್ತು ದೋಣಿ ತಿರುಗುವಾಗ ಹಾಯಿಯ ಕೆಳಗಿನ ಅಡ್ಡಕೋಲು ಮುಖಕ್ಕೆ ಬಡಿಯುವ ಜಾಗದಲ್ಲಿ ಕಣ್ಣಿನ ಮುಂದೆ ಗಾಜು ಇಟ್ಟುಕೊಳ್ಳುವುದು ನನಗಂತೂ ಬೇಡ. ಪಾಲಿಕಾರ್ಬೊನೇಟ್: ಪೆಟ್ಟು ತಡೆಯುತ್ತದೆ, ಹಗುರ, ಯುವಿಯನ್ನು ಬಹುಪಾಲು ತಾನೇ ತಡೆಯುವ ಗುಣ ಇದೆ, ಗೀರು ಮಾತ್ರ ಬೇಗ. ಚಾಳೀಸಿನ ಅಂಗಡಿಯವರು ಸಾಮಾನ್ಯವಾಗಿ ಹಾಕುವ ಸಿಆರ್-39 ಪ್ಲಾಸ್ಟಿಕ್ಕಿನ ನೋಟ ಪಾಲಿಕಾರ್ಬೊನೇಟಿಗಿಂತ ಸ್ವಚ್ಛ, ಪೆಟ್ಟು ತಡೆಯುವುದರಲ್ಲಿ ಹಿಂದೆ. ನೈಲಾನ್ ಮತ್ತು ಟ್ರೈವೆಕ್ಸ್ ಅನ್ನುವ ಪ್ಲಾಸ್ಟಿಕ್ಕುಗಳು ಈ ಎರಡರ ಒಳ್ಳೇ ಗುಣವನ್ನೂ ಸುಮಾರಾಗಿ ಕೊಡುತ್ತವೆ, ಬೆಲೆ ಜಾಸ್ತಿ.

ಅಗ್ಗದ ಪೋಲರೈಜ್ಡ್ ಗಾಗಲ್‌ಗಳಲ್ಲಿ ಬರುವುದು ಹೆಚ್ಚಾಗಿ ಟಿಎಸಿ. ತೆಳ್ಳನೆಯ ಹಾಳೆಗಳನ್ನು ಅಂಟಿಸಿ ಮಾಡಿದ ಲೆನ್ಸು, ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಕೆಟ್ಟದ್ದು ಅಂತ ಅಲ್ಲ, ಪೋಲರೈಜ್ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಅದರ ವೈರಿ ಬಿಸಿ. ಏಪ್ರಿಲ್‌ನಲ್ಲಿ ವಿಜಯಪುರದಲ್ಲಿ ಮದುವೆ, ಗೋಳಗುಮ್ಮಟದ ಹತ್ತಿರ ಕಾರು ನಿಲ್ಲಿಸಿ ಊಟಕ್ಕೆ ಹೋಗಿದ್ದೆವು. ಗಾಗಲ್ ಡ್ಯಾಶ್‌ಬೋರ್ಡ್ ಮೇಲೆ. ಎರಡು ತಾಸಿನ ನಂತರ ಬಂದು ಹಾಕಿಕೊಂಡರೆ ಬಲ ಲೆನ್ಸಿನ ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ. ಒಂದು ವಾರದಲ್ಲಿ ಆ ಅಂಚು ಎದ್ದುಬಿಟ್ಟಿತು, ಉಗುರು ತಾಗಿಸಿದರೆ ಪದರವೇ ಕೈಗೆ ಬಂತು. ಮೇಲೆ ಹೇಳಿದ ಈರುಳ್ಳಿ ಸಿಪ್ಪೆ ಅದೇ.

ಯಾವ ಲೆನ್ಸಾದರೂ ನೋಟ ಡೊಂಕಾಗಿದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ಕೈ ಚಾಚಿ ಹಿಡಿದು, ಲೆನ್ಸಿನ ಮೂಲಕ ಬಾಗಿಲಿನ ಚೌಕಟ್ಟನ್ನು ನೋಡುತ್ತಾ ನಿಧಾನಕ್ಕೆ ಅತ್ತಿತ್ತ ಸರಿಸಿ. ಚೌಕಟ್ಟಿನ ಗೆರೆ ಹಾವಿನಂತೆ ನುಲಿದರೆ ಅಲ್ಲೇ ಇಟ್ಟು ಬನ್ನಿ.

ಫ್ರೇಮು, ಮತ್ತು ಬಕೆಟ್ ಪರೀಕ್ಷೆ

ಲೋಹದ ಫ್ರೇಮ್ ಬೇಡ. ಸಮುದ್ರದ ಉಪ್ಪಿಗೆ ಮೊದಲು ಹೋಗುವುದು ತಿರುಪು, ಆಮೇಲೆ ಕೀಲು. ಅಲ್ಲದೆ ಬಿಸಿಲಿಗೆ ಕಾದ ತಂತಿ ಕಪಾಳಕ್ಕೆ ತಾಗಿದರೆ ಚುರ್ ಅನ್ನುತ್ತದೆ. ಬಾಗಿಸಿದರೂ ಮುರಿಯದ ಟಿಆರ್-90 ಅಂತ ಸಿಗುವ ಪ್ಲಾಸ್ಟಿಕ್ ಸಾಕು. ಮೂಗಿನ ಮೇಲೆ, ಕಿವಿಯ ಹಿಂದೆ ಮೆತ್ತನೆಯ ರಬ್ಬರ್ ಇರಲಿ, ಬೆವರಿದಾಗ ಜಾರುವುದಿಲ್ಲ. ಮುಖಕ್ಕೆ ಸುತ್ತಿಕೊಂಡ ಹಾಗೆ ಬಾಗಿದ ಫ್ರೇಮು ಪಕ್ಕದ ಬೆಳಕನ್ನೂ ಗಾಳಿಯನ್ನೂ ತಡೆಯುತ್ತದೆ, ಉಪ್ಪುನೀರಿನ ಸಿಡಿತವನ್ನೂ. ತೀರಾ ಅಂಟಿಕೊಂಡರೆ ಒಳಗೆ ಮಂಜು ಕಟ್ಟುತ್ತದೆ. ರೆಪ್ಪೆ ಲೆನ್ಸಿಗೆ ತಾಗದಷ್ಟು ಜಾಗ ಇರಬೇಕು. ಅಂಗಡಿಯಲ್ಲಿ ಹಾಕಿಕೊಂಡು ನೆಲ ನೋಡುತ್ತಾ ತಲೆಯನ್ನು ಜೋರಾಗಿ ಅಲ್ಲಾಡಿಸಿ. ಜನ ನೋಡಿದರೆ ನೋಡಲಿ.

ನನ್ನದು ಕೊಲ್ಲಿಗೆ ಬಿದ್ದದ್ದು ಹೇಗೆ ಅಂದರೆ, ಗಾಳಿಗೆ ಬೆನ್ನು ಕೊಟ್ಟು ಹೋಗುತ್ತಿದ್ದಾಗ ಹಾಯಿ ಒಮ್ಮೆಲೇ ಆಚೆ ಬದಿಗೆ ಬಡಿಯಿತು, ತಲೆ ತಗ್ಗಿಸಿದೆ, ಹಗ್ಗ ಕಿವಿಯ ಹತ್ತಿರ ಸವರಿಕೊಂಡು ಹೋಯಿತು. ಗಾಗಲ್ ನೀರಿನ ಮೇಲೆ ಒಂದು ಕ್ಷಣ ಮಲಗಿದ ಹಾಗೆ ಕಂಡಿತು, ಕೈ ಚಾಚುವಷ್ಟರಲ್ಲಿ ಓರೆಯಾಗಿ, ಎಲೆ ಉದುರಿದ ಹಾಗೆ ತೂಗಾಡುತ್ತಾ ಕೆಳಗೆ ಹೋಯಿತು. ನನ್ನ ಬಳಿ ಇದ್ದದ್ದರಲ್ಲೇ ದುಬಾರಿ ಅದು.

ಆಮೇಲೆ ಮನೆಯ ಹಿತ್ತಲಲ್ಲಿ ಬಕೆಟ್ ಇಟ್ಟು, ಇದ್ದಬದ್ದ ಗಾಗಲ್, ಅಪ್ಪನ ಚಾಳೀಸು ಎಲ್ಲ ಒಂದೊಂದೇ ಬಿಟ್ಟು ನೋಡಿದೆ. ಎಲ್ಲವೂ ಮುಳುಗಿದವು. ಒಂದು ಹಿಡಿ ಉಪ್ಪು ಹಾಕಿ ಕಲಸಿದೆ, ಆಗಲೂ ಮುಳುಗಿದವು. ಲೆಕ್ಕ ಸರಿಯಾಗೇ ಇದೆ: ಒಂದು ಲೀಟರ್ ಜಾಗದ ಪಾಲಿಕಾರ್ಬೊನೇಟ್ ಸುಮಾರು 1.2 ಕಿಲೋ ತೂಗುತ್ತದೆ, ಗಾಜು ಎರಡೂವರೆ ಕಿಲೋ, ಸಮುದ್ರದ ನೀರು ಒಂದು ಕಿಲೋ ಚಿಲ್ಲರೆ. ತೇಲುವ ಗಾಗಲ್ ಅಂತ ಬೇರೆಯೇ ಸಿಗುತ್ತವೆ, ಫ್ರೇಮಿನೊಳಗೆ ಗಾಳಿಯೋ ಹಗುರ ಪದಾರ್ಥವೋ ಇರುವಂಥವು. ಡೆಕತ್ಲಾನ್‌ನಂಥ ಕ್ರೀಡಾ ಸಾಮಾನಿನ ಅಂಗಡಿಗಳಲ್ಲಿ ಹಾಯಿದೋಣಿಯ ವಿಭಾಗದಲ್ಲಿ ಹುಡುಕಿ. ಅವುಗಳ ಫ್ರೇಮು ಸ್ವಲ್ಪ ದಪ್ಪ, ಮದುವೆಗೆ ಹಾಕಿಕೊಂಡು ಹೋಗುವಂಥದ್ದಲ್ಲ.

ಇಲ್ಲವಾದರೆ ದಾರ. ಕಡ್ಡಿಯ ತುದಿಗೆ ಸಿಕ್ಕಿಸುವ ಸ್ಪಂಜಿನ ಪಟ್ಟಿ ಸಿಗುತ್ತದೆ, ಅದು ಗಾಗಲನ್ನು ಕುತ್ತಿಗೆಯಲ್ಲೂ ಹಿಡಿದಿಡುತ್ತದೆ, ಬಿದ್ದರೆ ತೇಲಿಸುತ್ತದೆ. ತೇಲಿಸುತ್ತದಾ ಅಂತ ಬಕೆಟ್‌ನಲ್ಲಿ ನೋಡಿಯೇ ಹೊರಡಿ, ಪಟ್ಟಿ ತೆಳ್ಳಗಿದ್ದು ಗಾಗಲ್ ಭಾರ ಇದ್ದರೆ ಎರಡೂ ಸೇರಿ ಮುಳುಗುತ್ತವೆ. ತೇಲುವ ಗಾಗಲ್ಲಾ, ದಾರವಾ ಅಂದರೆ ನಾನು ದಾರ ಅನ್ನುತ್ತೇನೆ. ತೇಲುವುದು ತೇಲುತ್ತಾ ಇರುತ್ತದೆ ಸರಿ, ಅಲೆಗಳ ನಡುವೆ ಕರಿ ಫ್ರೇಮ್ ಹುಡುಕಿ ದೋಣಿ ತಿರುಗಿಸಿಕೊಂಡು ಬರುವವರು ಯಾರು? ಕೇಸರಿ, ಹಳದಿಯಂಥ ಬಣ್ಣದ ಪಟ್ಟಿ ತಗೊಂಡರೆ ಒಳ್ಳೇದು. ಕಾಕಾ ಮಾತ್ರ ಹಳೇ ಬಲೆಯ ನೈಲಾನ್ ಹುರಿ ಕಟ್ಟಿಕೊಂಡು, ಅದಕ್ಕೆ ಬಲೆಯ ಬೆಂಡಿನ ಒಂದು ತುಂಡು ಪೋಣಿಸಿದ್ದಾನೆ. ಖರ್ಚು ಸೊನ್ನೆ. ನನ್ನ ಪಟ್ಟಿಗಿಂತ ಚೆನ್ನಾಗಿ ತೇಲುತ್ತದೆ.

ನಂಬರ್ ಇರುವವರ ಪಾಡು

ನನಗೆ ಮೈನಸ್ ಎರಡು, ಹಾಗಾಗಿ ಇದನ್ನು ಬಿಡುವ ಹಾಗಿಲ್ಲ. ನಂಬರ್ ಹಾಕಿಸಿದ ಪೋಲರೈಜ್ಡ್ ಲೆನ್ಸು ಎಲ್ಲಕ್ಕಿಂತ ಒಳ್ಳೇದು, ಎಲ್ಲಕ್ಕಿಂತ ದುಬಾರಿ. ಜಾಸ್ತಿ ಬಾಗಿದ ಫ್ರೇಮಿಗೆ ಜಾಸ್ತಿ ನಂಬರ್ ಕೂರಿಸಿದರೆ ಅಂಚಿನಲ್ಲಿ ನೋಟ ಡೊಂಕಾಗುತ್ತದೆ, ಸಾಧಾರಣ ಬಾಗಿದ್ದನ್ನೇ ಆರಿಸಿ. ಚಾಳೀಸಿನ ಮೇಲೆಯೇ ಹಾಕಿಕೊಳ್ಳುವ ದೊಡ್ಡ ಗಾಗಲ್ ಸಿಗುತ್ತದೆ, ನೋಡಲು ವೆಲ್ಡಿಂಗ್ ಮಾಡುವವರ ಹಾಗೆ ಕಾಣುತ್ತೀರಿ ಅನ್ನುವುದು ಬಿಟ್ಟರೆ ಹೊಸಬರಿಗೆ ಅದೇ ಸಾಕು, ಪಕ್ಕದ ಬೆಳಕನ್ನೂ ತಡೆಯುತ್ತದೆ. ಕ್ಲಿಪ್ ಹಾಕುವುದು ದೋಣಿಗೆ ಬೇಡ, ಮೊದಲ ಅಲೆಗೇ ಹಾರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಸಾದಾ ಗಾಗಲ್ ನಡೆಯುತ್ತದೆ, ಉಪ್ಪುನೀರು ಕಣ್ಣಿಗೆ ಬಿದ್ದರೆ ಫಜೀತಿ.

ಬಿಸಿಲಿಗೆ ತಾನೇ ಕಪ್ಪಾಗುವ ಲೆನ್ಸಿನ ಬಗ್ಗೆ ಬಹಳ ಜನ ಕೇಳುತ್ತಾರೆ. ಊರೊಳಗೆ ಚೆನ್ನ. ಆದರೆ ಅದು ಕಪ್ಪಾಗಲು ಯುವಿ ಬೇಕು, ಕಾರಿನ ಮುಂದಿನ ಗಾಜು ಯುವಿಯನ್ನು ತಡೆದುಬಿಡುತ್ತದೆ, ಹಾಗಾಗಿ ಘಾಟ್ ದಾರಿಯಲ್ಲಿ ಸರಿಯಾಗಿ ಕಪ್ಪಾಗುವುದೇ ಇಲ್ಲ. ಜೊತೆಗೆ ಸೆಕೆ ಜಾಸ್ತಿಯಾದಷ್ಟೂ ಅದು ಕಪ್ಪಾಗುವುದು ಕಡಿಮೆ. ಬಾಗಲಕೋಟೆಯ ನಲವತ್ತು ಡಿಗ್ರಿಯಲ್ಲಿ, ನಿಮಗೆ ಅದು ತೀರಾ ಬೇಕಾದ ಹೊತ್ತಿನಲ್ಲೇ, ಅರ್ಧ ಮನಸ್ಸಿನಿಂದ ಕೆಲಸ ಮಾಡುತ್ತದೆ.

ಎಷ್ಟು ಖರ್ಚು ಮಾಡಬೇಕು

ರಸ್ತೆ ಬದಿಯ ಇನ್ನೂರು ರೂಪಾಯಿಯದು ಬೇಡ, ಯುವಿ ನಂಬಿಕೆ ಇಲ್ಲ. ಹದಿನೈದು ಸಾವಿರದ ಹೆಸರುವಾಸಿ ಗಾಗಲ್‌ನ ನೋಟ ನಿಜಕ್ಕೂ ಚೆನ್ನ, ಸ್ನೇಹಿತನದ್ದು ಹಾಕಿ ನೋಡಿದ್ದೇನೆ, ಅಂಚಿನವರೆಗೂ ಗೆರೆ ನೆಟ್ಟಗೆ, ನೀರು ಬಿದ್ದರೆ ಮುತ್ತಿನ ಹಾಗೆ ಉರುಳಿ ಹೋಗುತ್ತದೆ. ಆದರೆ ಅವನು ದೋಣಿಯಲ್ಲಿ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಇರುತ್ತಾನೆ. ಎರಡು ಸಾವಿರದ ಆಚೀಚೆ, ಕಂದು ಪೋಲರೈಜ್ಡ್, ಕೆಟಗರಿ 3, ಯುವಿ 400, ಪ್ಲಾಸ್ಟಿಕ್ ಫ್ರೇಮು, ಒಂದು ದಾರ: ನನ್ನ ಮಟ್ಟಿಗೆ ಇಷ್ಟೇ. ವಾರಕ್ಕೆ ನಾಲ್ಕು ದಿನ ನೀರಿನ ಮೇಲೆ ಇರುವವರಾದರೆ, ಅದರಲ್ಲೂ ನಂಬರ್ ಇದ್ದರೆ, ಹೆಚ್ಚಿಗೆ ಹಾಕಿ, ಕೊಟ್ಟ ದುಡ್ಡಿಗೆ ಬೆಲೆ ಸಿಗುತ್ತದೆ. ವರ್ಷಕ್ಕೆ ಎರಡು ಸಲ ಗೋವಾಕ್ಕೆ ಹೋಗಿ ಬೋಟ್ ಹತ್ತುವವರು ಮನೆಯಲ್ಲಿರುವ ಗಾಗಲ್‌ಗೇ ಯುವಿ ಪರೀಕ್ಷೆ ಮಾಡಿಸಿ, ದಾರ ಒಂದು ಕೊಂಡರೆ ಆಯಿತು.

ತೊಳೆಯುವುದು ಒಂದು ಹೇಳಿಬಿಡುತ್ತೇನೆ. ದಂಡೆಗೆ ಬಂದ ಕೂಡಲೇ ಟೀಶರ್ಟಿನ ತುದಿಯಿಂದ ಒರೆಸಬೇಡಿ. ಒಣಗಿದ ಉಪ್ಪು ಸಣ್ಣ ಮರಳಿನ ಹಾಗೆ, ಒರೆಸಿದರೆ ಉಜ್ಜುಕಾಗದ ಎಳೆದ ಹಾಗೆ. ಮೊದಲು ಕುಡಿಯುವ ಬಾಟಲಿಯ ಸಿಹಿನೀರು ಸುರಿಯಿರಿ, ಬೆರಳ ತುದಿಯಿಂದ ಒಂದು ಹನಿ ಸೋಪು ಸವರಿ ಮತ್ತೆ ನೀರು ಬಿಡಿ, ಆಮೇಲೆ ಮೆತ್ತನೆ ಬಟ್ಟೆ. ಕೀಲಿನ ಸಂದಿಗೂ ನೀರು ಹೋಗಲಿ. ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಡ್ಯಾಶ್‌ಬೋರ್ಡ್ ಮೇಲಲ್ಲ, ಸೀಟಿನ ಕೆಳಗೆ ಇಡಿ.